ಮೊದಲು ಕೋಣೆ, ಸ್ಪೀಕರ್ ಆಮೇಲೆ

ನಮಸ್ಕಾರ ಸರ್. ಮೂಡಿಗೆರೆ ಹತ್ತಿರದ ತೋಟದ ಹಳೇ ಮನೆಯಲ್ಲಿ ಜಪಾನಿನ ಜಾಝ್ ಕಿಸ್ಸಾ ಥರ, ಅಂದರೆ ಕಾಫಿ ಕುಡಿಯುತ್ತಾ ಸುಮ್ಮನೆ ಕೂತು ರೆಕಾರ್ಡ್ ಕೇಳುವ, ಹನ್ನೆರಡು ಕುರ್ಚಿಯ ಕೆಫೆ ಮಾಡಬೇಕು ಅಂತ ಬರೆದಿದ್ದೀರಿ. ಮುಂದಿನ ತಿಂಗಳು ಟೋಕಿಯೋ, ಓಸಾಕಾ ಕಡೆ ಹತ್ತು ದಿನ ಹೋಗುತ್ತೀರಿ. ಎಲ್ಲಿ ಕೂತು ಕೇಳಬೇಕು, ಅಲ್ಲಿಂದ ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್ ತರಬಹುದಾ, ಆರು ಲಕ್ಷದೊಳಗೆ ಯಾವ ಸ್ಪೀಕರ್ ತಗೊಳ್ಳಲಿ ಅನ್ನೋದು ಪ್ರಶ್ನೆ. ಇಲ್ಲಿ ಬಂದಿರೋ ಉತ್ತರಗಳು ಬಹುತೇಕ ಸ್ಪೀಕರ್ ಹೆಸರುಗಳೇ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಕೆಲಸದ ಮೇಲೆ ಮೂರು ವರ್ಷ ಟೋಕಿಯೋ ಪಕ್ಕದ ಕವಾಸಾಕಿ ಊರಿನಲ್ಲಿದ್ದೆ, ಶನಿವಾರ ಬಂತೆಂದರೆ ಇಂಥ ಅಂಗಡಿಗಳಲ್ಲೇ ಠಿಕಾಣಿ.

ನಮ್ಮ ಧಾರವಾಡದ ಕಡೆ ಕಿಸ್ಸೆ ಅಂದರೆ ಕಥೆ. ಅಲ್ಲಿ ಕಿಸ್ಸಾ ಅಂದರೆ ಚಹಾ ಕುಡಿಯೋದು, ಕಿಸ್ಸಾತೆನ್ ಅಂದರೆ ಚಹಾ-ಕಾಫಿ ಅಂಗಡಿ. ಇದು ಶೋಕಿಗೆ ಹುಟ್ಟಿದ್ದಲ್ಲ ಅನ್ನೋದನ್ನು ಮೊದಲು ತಿಳ್ಕೊಳ್ಳಿ. ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಅಮೆರಿಕದಿಂದ ಬರುವ ಒಂದು ಎಲ್‌ಪಿ ರೆಕಾರ್ಡ್ ಕೊಂಡರೆ ಹೊಸದಾಗಿ ನೌಕರಿಗೆ ಸೇರಿದವನ ಸಂಬಳದಲ್ಲಿ ದೊಡ್ಡ ಪಾಲೇ ಹೋಗುತ್ತಿತ್ತು. ಒಂದು ಕಾಫಿಯ ದುಡ್ಡಿಗೆ ಮಧ್ಯಾಹ್ನವೆಲ್ಲ ಕೂತು ನಾಲ್ಕೈದು ರೆಕಾರ್ಡ್ ಕೇಳುವುದಾದರೆ ಯಾರು ಬಿಡುತ್ತಾರೆ? ಯೊಕೊಹಾಮಾದ ಚಿಗುಸಾ 1933ರಲ್ಲೇ ಶುರುವಾಗಿತ್ತು. ಯುದ್ಧಕಾಲದಲ್ಲಿ ಜಾಝ್ ಶತ್ರುಗಳ ಸಂಗೀತ ಅಂತ ನಿಷೇಧವಾಯಿತು, 1945ರ ಬಾಂಬ್ ದಾಳಿಯಲ್ಲಿ ಅಂಗಡಿಯ ರೆಕಾರ್ಡ್‌ಗಳು ಸುಟ್ಟು ಹೋದವು. ಮಾಲೀಕ ಯೊಶಿದಾ ಮಾಮೊರು ಮತ್ತೆ ರೆಕಾರ್ಡ್ ಕೂಡಿಸಿ ಬಾಗಿಲು ತೆರೆದರು. ಮುಂದೆ ಹೆಸರು ಮಾಡಿದ ಪಿಯಾನೋ ವಾದಕಿ ತೊಶಿಕೊ ಅಕಿಯೊಶಿ, ಸ್ಯಾಕ್ಸೊಫೋನ್‌ನ ಸದಾವೊ ವತನಾಬೆ ಎಳೆಯರಿದ್ದಾಗ ಅಲ್ಲಿ ಕೂತು ಕೇಳಿದವರೇ. ಏಕಲವ್ಯನಿಗೆ ಮಣ್ಣಿನ ದ್ರೋಣನಾದರೂ ಇದ್ದ, ಇವರಿಗೆ ಇದ್ದದ್ದು ತಿರುಗುವ ತಟ್ಟೆ. 1961ರಲ್ಲಿ ಅಮೆರಿಕದ ಡ್ರಮ್ ವಾದಕ ಆರ್ಟ್ ಬ್ಲೇಕಿಯ ತಂಡ ಜಪಾನಿಗೆ ಬಂದು ಹೋದ ಮೇಲೆ ಜಾಝ್ ಹುಚ್ಚು ಊರೂರಿಗೆ ಹಬ್ಬಿತು. ಆಮೇಲೆ 1979ರಲ್ಲಿ ವಾಕ್‌ಮನ್, 1982ರಲ್ಲಿ ಸಿಡಿ ಬಂದವು, ಮನೆಯಲ್ಲೇ ಕೇಳೋದು ಸುಲಭವಾಯಿತು, ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಉಳಿದವರು ಹೆಚ್ಚಾಗಿ ಹಟಕ್ಕೆ ಬಿದ್ದವರು.

ನೀವು ನೋಡಲೇಬೇಕಾದ್ದು ಎರಡು. ಟೋಕಿಯೋದ ಶಿಬುಯಾದಲ್ಲಿ ದೊಗೆನ್‌ಜಾಕಾ ಏರಿನಲ್ಲಿರುವ ಲಯನ್, 1926ರದ್ದು. ಇದು ಜಾಝ್ ಅಲ್ಲ, ಪಾಶ್ಚಾತ್ಯ ಶಾಸ್ತ್ರೀಯ. ಎರಡು ಮಹಡಿ ಎತ್ತರಕ್ಕೆ ಮರದ ಸ್ಪೀಕರ್, ಬಸ್ಸಿನ ಸೀಟಿನ ಹಾಗೆ ಕುರ್ಚಿಗಳೆಲ್ಲ ಅದರ ಕಡೆಗೇ ಮುಖ. ಮಾತಾಡುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಮಧ್ಯಾಹ್ನ 3ಕ್ಕೆ ಮೊದಲೇ ನಿಗದಿ ಮಾಡಿದ ಕಾರ್ಯಕ್ರಮ ಇರುತ್ತದೆ, ಆ ಹೊತ್ತಿಗೆ ಹೋಗಿ. ಇನ್ನೊಂದು ಟೋಕಿಯೋದ್ದೇ, ಯೊತ್ಸುಯಾದ ಈಗಲ್, 1967ರದ್ದು, ನೆಲಮಾಳಿಗೆಯಲ್ಲಿದೆ. ಹಗಲು ಹೊತ್ತು ಮಾತಿಗೆ ನಿಷೇಧ, ಸಂಜೆ ಆದಮೇಲೆ ಸಡಿಲ. ಎರಡೂ ಹೊತ್ತಿನಲ್ಲಿ ಹೋಗಿ ಬನ್ನಿ, ಅದೇ ಸ್ಪೀಕರ್ ಹೇಗೆ ಬೇರೆ ಕೇಳುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಉತ್ತರಕ್ಕೆ ಇಚಿನೊಸೆಕಿಯಲ್ಲಿ 1970ರ ಬೇಸಿ ಇದೆ, ಅಮೆರಿಕದ ಜಾಝ್ ದಿಗ್ಗಜ ಕೌಂಟ್ ಬೇಸಿಯೇ ಬಂದು ಹೋದ ಜಾಗ. ಆದರೆ ತೆರೆದಿದೆಯೋ ಇಲ್ಲವೋ ಕೇಳಿಕೊಳ್ಳದೆ ಶಿಂಕಾನ್‌ಸೆನ್ (ಬುಲೆಟ್ ರೈಲು) ಟಿಕೆಟ್ ಮಾಡಿಸಬೇಡಿ. ಎಲ್ಲೇ ಆದರೂ ತಲೆಗೊಂದು ಡ್ರಿಂಕ್ ತಗೊಳ್ಳಬೇಕು, ನಗದು ಇಟ್ಟುಕೊಂಡಿರಿ, ನಾಲ್ಕೈದು ಜನ ಒಟ್ಟಿಗೆ ನುಗ್ಗಬೇಡಿ.

ಹೋದಾಗ ಸ್ಪೀಕರ್ ಮಾಡೆಲ್ ನಂಬರ್ ಬರ್ಕೊಳ್ಳೋದರಲ್ಲೇ ಇರಬೇಡಿ, ಯಜಮಾನರ ಕೈ ನೋಡಿ. ಟೋಕಿಯೋದ ಒಂದು ಹತ್ತು ಕುರ್ಚಿಯ ಅಂಗಡಿಯಲ್ಲಿ ನಾನು ಕಂಡದ್ದು ಹೇಳುತ್ತೇನೆ. ಎಪ್ಪತ್ತು ದಾಟಿದ ಮನುಷ್ಯ, ಒಬ್ಬರೇ. ರೆಕಾರ್ಡ್ ಹಾಕಿ, ಅದರ ಜಾಕೆಟ್ ಎಲ್ಲರಿಗೂ ಕಾಣುವ ಹಾಗೆ ಸ್ಟ್ಯಾಂಡಿಗೆ ಒರಗಿಸಿ ನಿಲ್ಲಿಸಿದರು. ನಾನು ಕಾಫಿ ಹೇಳಿದೆ, ತಲೆ ಆಡಿಸಿದರು, ಕಾಫಿ ಮಾತ್ರ ಬರಲಿಲ್ಲ. ಮರೆತರೇನೋ ಅಂದ್ಕೊಂಡೆ. ಹದಿನೆಂಟು ನಿಮಿಷ ಆದಮೇಲೆ ಒಂದು ಮಗ್ಗುಲು ಮುಗಿಯಿತು, ಸೂಜಿ ಎತ್ತಿದರು, ಆಗ ಗ್ರೈಂಡರ್ ಗರ್ರ್ ಅಂತು. ಬೀಜ ಪುಡಿ ಮಾಡಿ, ಮುಂದಿನ ರೆಕಾರ್ಡ್ ಹಾಕಿ, ಆಮೇಲೆ ಬಟ್ಟೆಯ ಸೋಸಣಿಗೆಗೆ ಸದ್ದಿಲ್ಲದೆ ನೀರು ಬಿಟ್ಟರು. ಹಾಡಿನ ನಡುವೆ ಗ್ರೈಂಡರ್ ಒಮ್ಮೆಯೂ ತಿರುಗಲಿಲ್ಲ. ಒಂದು ರೆಕಾರ್ಡಿನ ಒಂದೇ ಮಗ್ಗುಲು ಹಾಕಿ, ಮುಂದಿನದ್ದಕ್ಕೆ ಬೇರೆ ರೆಕಾರ್ಡ್ ತೆಗೆಯುವುದು ಅಲ್ಲಿ ಹಲವು ಕಡೆ ಇರುವ ಪದ್ಧತಿ.

ಈ ವಿಷಯದಲ್ಲಿ ನಮ್ಮ ಫಿಲ್ಟರ್ ಕಾಫಿಯೇ ವಾಸಿ, ಡಿಕಾಕ್ಷನ್ ಬೆಳಿಗ್ಗೆಯೇ ಇಳಿದಿರುತ್ತದೆ. ಹಾಲಿಗೆ ಆವಿ ಬುಸ್ ಅನ್ನಿಸುವ ಎಸ್ಪ್ರೆಸೊ ಮಷೀನ್ ಮಾತ್ರ ಒಳಗೆ ಬಿಟ್ಟುಕೊಳ್ಳಬೇಡಿ. ಸ್ಟೀಲ್ ಲೋಟ-ಬಟ್ಟಲೂ ಬೇಡ, ಆಲಾಪದ ನಡುವೆ ಠಣ್ ಅಂದರೆ ಕೇಳುತ್ತಾ ಕೂತವರ ಜೀವ ಹೋಗುತ್ತದೆ. ಪಿಂಗಾಣಿ ಕಪ್ಪು ಇಡಿ.

ಈಗ ಕೋಣೆ. ಎರಡು ಖಾಲಿ ಇವೆ, 12x12 ಅಡಿಯದ್ದೊಂದು, 18x12 ಅಡಿಯದ್ದೊಂದು ಅಂದಿದ್ದೀರಿ. ಚಿಕ್ಕದು ಬೆಚ್ಚಗಿದೆ ಅಂತ ಅದನ್ನೇ ಹಿಡಿಯಬೇಡಿ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ಅದನ್ನು ಗೋಡೆಯಿಂದ ಗೋಡೆಗಿರುವ ದೂರದ ಎರಡರಷ್ಟರಿಂದ ಭಾಗಿಸಿದರೆ ಆ ಕೋಣೆ ಯಾವ ಸ್ವರಕ್ಕೆ ಗುಂಯ್‌ಗುಡುತ್ತದೆ ಅಂತ ಸಿಗುತ್ತದೆ. 12 ಅಡಿಗೆ 47 ಹರ್ಟ್ಸ್, ಅಂದರೆ ಸೆಕೆಂಡಿಗೆ 47 ಕಂಪನ. ಚೌಕ ಕೋಣೆಯಲ್ಲಿ ಉದ್ದದಿಂದಲೂ 47, ಅಗಲದಿಂದಲೂ 47, ಎರಡೂ ಸೇರಿಕೊಳ್ಳುತ್ತವೆ. ಜಾಝ್‌ನಲ್ಲಿ ನುಡಿಸುವ ದೊಡ್ಡ ಪಿಟೀಲಿನಂಥ ಡಬಲ್ ಬಾಸ್‌ನ ಅತಿ ಕೆಳಗಿನ ತಂತಿ 41 ಹರ್ಟ್ಸ್. ಅಲ್ಲಿಂದ ಹಾರ್ಮೋನಿಯಂನ ಎರಡು ಮನೆಯಷ್ಟು ಮೇಲೆ ಬಂದಾಗಲೆಲ್ಲ ಆ ಒಂದು ಸ್ವರ ಮಾತ್ರ ಡೊಳ್ಳಿನ ಹಾಗೆ ಉಬ್ಬುತ್ತದೆ, ಎಷ್ಟು ಲಕ್ಷದ ಸ್ಪೀಕರ್ ತಂದರೂ ಇದು ಹೋಗಲ್ಲ. ದೊಡ್ಡ ಕೋಣೆಯಲ್ಲಿ ಉದ್ದಕ್ಕೆ 31, ಅಗಲಕ್ಕೆ 47, ಬೇರೆ ಬೇರೆ ಆಗುತ್ತವೆ, ಅಷ್ಟು ತೊಂದರೆಯಿಲ್ಲ. ಸ್ಪೀಕರ್ ಕಿರುಗೋಡೆಗೆ ಇಟ್ಟು ಉದ್ದಕ್ಕೆ ಹಾಡಲು ಬಿಡಿ. ಕುರ್ಚಿಗಳನ್ನು ಹಿಂದಿನ ಗೋಡೆಗೆ ಅಂಟಿಸಬೇಡಿ, ಅಲ್ಲಿ ಬಾಸ್, ಅಂದರೆ ಕೆಳಸ್ವರದ ಸದ್ದು, ಇನ್ನೂ ದಪ್ಪವಾಗುತ್ತದೆ.

ನಡುವೆ ನಿಂತು ಚಪ್ಪಾಳೆ ತಟ್ಟಿ ನೋಡಿ. ಕಾವಿ ನೆಲ, ಸುಣ್ಣದ ಗೋಡೆ ಆದರೆ ಟ್ರ್ರ್ ಅಂತ ವಾಪಸ್ ಬರುತ್ತದೆ. ಜಮಖಾನ, ಪುಸ್ತಕದ ಕಪಾಟು, ಕಿಟಕಿಗೆ ದಪ್ಪ ಪರದೆ ಹಾಕಿದರೆ ಬಹಳಷ್ಟು ತಗ್ಗುತ್ತದೆ. ಮೊಟ್ಟೆ ಟ್ರೇ ಅಂಟಿಸಿ ಅಂತ ಮೇಲೆ ಯಾರೋ ಹೇಳಿದ್ದಾರೆ. ಬೇಡ, ಬಾಸ್‌ಗೆ ಅದರಿಂದ ಏನೂ ಆಗಲ್ಲ, ಬೆಂಕಿ ಬಿದ್ದರೆ ಮಾತ್ರ ಬೇಗ ಹತ್ತುತ್ತದೆ. ಹೆಂಚಿನ ಮಾಡು ಅಂದಿರಲ್ಲ, ಕೆಳಗೆ ಮರದ ಮುಚ್ಚಿಗೆ ಇದೆಯಾ? ಇಲ್ಲದಿದ್ದರೆ ಮೊದಲ ದುಡ್ಡು ಅದಕ್ಕೇ ಇಡಿ. ನಿಮ್ಮ ಕಡೆಯ ಆಷಾಢದ ಮಳೆಗೆ ಬರೀ ಹೆಂಚಿನ ಕೆಳಗೆ ಪಕ್ಕದವರ ಮಾತೇ ಕೇಳಲ್ಲ. ಮಳೆಗಾಲದಲ್ಲಿ ರೆಕಾರ್ಡಿಗೂ ಬೂಸ್ಟು ಹಿಡಿಯುತ್ತದೆ. ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ನೂರು ಎಲ್‌ಪಿ ಅಂದರೆ ಇಪ್ಪತ್ತು ಕೆಜಿಗೂ ಮೇಲೆ, ಕಪಾಟು ಗಟ್ಟಿ ಇರಲಿ. ಅಜ್ಜನ ಕಾಲದ 78 ಆರ್‌ಪಿಎಂ ಪ್ಲೇಟುಗಳಿದ್ದರೆ ಅವಕ್ಕೆ ಸ್ಪಿರಿಟ್ ತಾಗಿಸಲೇಬೇಡಿ, ಅವು ಅರಗಿನವು, ಕರಗುತ್ತವೆ.

ಸ್ಪೀಕರ್ ವಿಷಯದಲ್ಲಿ ಒಂದೇ ಲೆಕ್ಕ ನೆನಪಿಡಿ: 3 ಡೆಸಿಬಲ್ ಹೆಚ್ಚು ಬೇಕೆಂದರೆ ಆಂಪ್ಲಿಫೈಯರ್ ಶಕ್ತಿ ಎರಡು ಪಟ್ಟು ಬೇಕು. ಸಂವೇದನೆ ಅಂದರೆ ಅಷ್ಟೇ ಶಕ್ತಿಗೆ ಸ್ಪೀಕರ್ ಎಷ್ಟು ಸದ್ದು ಕೊಡುತ್ತದೆ ಅನ್ನೋ ಅಳತೆ. 86 ಡೆಸಿಬಲ್ ಸಂವೇದನೆಯ ಚಿಕ್ಕ ಸ್ಪೀಕರ್‌ಗೆ 160 ವಾಟ್ ಕೊಟ್ಟರೆ ಬರುವ ಸದ್ದು, 98 ಡೆಸಿಬಲ್‌ನ, ಕಹಳೆ ಬಾಯಿಯ ಹಾರ್ನ್ ಸ್ಪೀಕರ್‌ಗೆ 10 ವಾಟ್‌ನಲ್ಲೇ ಬರುತ್ತದೆ. ಕಿಸ್ಸಾಗಳಲ್ಲಿ ಜೆಬಿಎಲ್, ಆಲ್ಟೆಕ್ ಕಂಪನಿಗಳ ದೊಡ್ಡ ಸ್ಪೀಕರ್ ಪೆಟ್ಟಿಗೆಗಳು ಕಾಣುವುದು ಬರೀ ಚಂದಕ್ಕಲ್ಲ. ಆಲ್ಟೆಕ್‌ನ ಎ7 ಸಿನಿಮಾ ಮಂದಿರಕ್ಕೇ ಮಾಡಿದ್ದು. ನಮ್ಮಲ್ಲೂ ಟಾಕೀಸುಗಳು ಮುಚ್ಚಿದಾಗ ಪರದೆ ಹಿಂದಿನ ಹಾರ್ನ್‌ಗಳು ಗುಜರಿಗೆ ಹೋಗೋದನ್ನು ಕಣ್ಣಾರೆ ನೋಡಿ ಹೊಟ್ಟೆ ಉರಿಸಿಕೊಂಡಿದ್ದೇನೆ. ಆರು ಲಕ್ಷದಲ್ಲಿ ಎರಡು ಲಕ್ಷ ಮುಚ್ಚಿಗೆ ಮತ್ತು ಕೋಣೆಗೆ, ಎರಡರಿಂದ ಎರಡೂವರೆ ಲಕ್ಷ ಹೆಚ್ಚು ಸಂವೇದನೆಯ ಸ್ಪೀಕರ್‌ಗೆ, ಉಳಿದದ್ದು ಟರ್ನ್‌ಟೇಬಲ್, ಆಂಪ್ಲಿಫೈಯರ್, ಒಳ್ಳೆಯ ಅರ್ತಿಂಗ್‌ಗೆ. ಟರ್ನ್‌ಟೇಬಲನ್ನು ಸ್ಪೀಕರ್ ಇರುವ ಹಲಗೆ ಮೇಲೆ ಇಡಬೇಡಿ, ಗೋಡೆಗೆ ಬೇರೆ ಶೆಲ್ಫ್ ಹೊಡೆಸಿ.

ಲೈಸೆನ್ಸ್ ಬಗ್ಗೆ ಯಾರೂ ಬರೆದಿಲ್ಲ. ಕಾಫಿ ಮಾರುವ ಜಾಗದಲ್ಲಿ ರೆಕಾರ್ಡ್ ಹಾಕಿದರೆ ಅದು ಸಾರ್ವಜನಿಕ ಪ್ರದರ್ಶನವೇ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ, ರಚನೆಯ ಹಕ್ಕು ಬೇರೆ. ಧ್ವನಿಮುದ್ರಣಕ್ಕೆ ಲೈಸೆನ್ಸ್ ಕೊಡುವ ಪಿಪಿಎಲ್, ರಚನೆಗೆ ಕೊಡುವ ಐಪಿಆರ್‌ಎಸ್ ವಿಷಯ ವಕೀಲರ ಹತ್ತಿರ ಒಮ್ಮೆ ಕೂತು ಮಾತಾಡಿ.

ಇನ್ನು ಜಪಾನಿನಿಂದ ಟರ್ನ್‌ಟೇಬಲ್. ಇಲ್ಲಿ ನಾನೇ ಮಂಗ ಆಗಿದ್ದೇನೆ. ಅಲ್ಲಿ ವಿದ್ಯುತ್ 100 ವೋಲ್ಟ್, ನಮ್ಮದು 230, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು ಅಂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ಟೋಕಿಯೋ ಕಡೆ ನಮ್ಮ ಹಾಗೇ 50 ಹರ್ಟ್ಸ್, ಓಸಾಕಾ ಕಡೆ 60. 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯ ಜನರೇಟರ್ ತರಿಸಿದರು, ಓಸಾಕಾದವರು ಅಮೆರಿಕದ್ದು, ಇವತ್ತಿಗೂ ದೇಶ ಎರಡು ಪಾಲು. ನಾನು ಓಸಾಕಾದಲ್ಲಿ, ಮೋಟಾರಿನ ಪುಲ್ಲಿಗೆ ಹಾಕಿದ ಬೆಲ್ಟಿನಿಂದ ತಟ್ಟೆ ತಿರುಗುವ ಹಳೇ ಬೆಲ್ಟ್ ಡ್ರೈವ್ ಒಂದು ಕೊಂಡು, ಟ್ರಾನ್ಸ್‌ಫಾರ್ಮರೂ ಹಾಕಿ, ಧಾರವಾಡದ ಮನೆಯಲ್ಲಿ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಇಟ್ಟೆ. ಬುವಾ ನಿದ್ದೆಗಣ್ಣಲ್ಲಿ ಹಾಡಿದ ಹಾಗೆ ಕೇಳಿತು. ಹಾರ್ಮೋನಿಯಂ ಹಿಡಿದು ನೋಡಿದರೆ ಶ್ರುತಿ ಮೂರು ಮನೆ ಕೆಳಗೆ. ಅಂಥ ಹಳೇ ಮೋಟಾರಿನ ವೇಗ ಕರೆಂಟಿನ ಹರ್ಟ್ಸ್ ಮೇಲೆ ನಿಂತಿದೆ. 60ಕ್ಕೆ ಕಡೆದ ಪುಲ್ಲಿ 50ರಲ್ಲಿ ತಿರುಗಿ ತಟ್ಟೆ ನಿಮಿಷಕ್ಕೆ 33ರ ಬದಲು 28 ಸುತ್ತೂ ಹಾಕುತ್ತಿರಲಿಲ್ಲ. ಹುಬ್ಬಳ್ಳಿಯ ಲೇತ್ ಅಂಗಡಿಯಲ್ಲಿ ಹೊಸ ಹಿತ್ತಾಳೆ ಪುಲ್ಲಿ ಕಡೆಸಲು ಮೂರು ಸಲ ಓಡಾಡಿದೆ. ಮೋಟಾರೇ ನೇರ ತಟ್ಟೆ ತಿರುಗಿಸುವ, ಟೆಕ್ನಿಕ್ಸ್ ಎಸ್‌ಎಲ್-1200 ಥರದ ಡೈರೆಕ್ಟ್ ಡ್ರೈವ್‌ಗೆ ಈ ರಗಳೆ ಇಲ್ಲ, ವೋಲ್ಟೇಜ್ ನೋಡಿಕೊಂಡರೆ ಸಾಕು. ಬೆಲ್ಟಿನದ್ದೇ ಬೇಕೆಂದರೆ ಟೋಕಿಯೋದಲ್ಲೇ ಕೊಳ್ಳಿ. ಕೊಳ್ಳುವ ಮುಂಚೆ ತಟ್ಟೆ ಎತ್ತಿಸಿ, ಪುಲ್ಲಿ 50 ಹರ್ಟ್ಸ್‌ನದ್ದೇನಾ ಅಂತ ಅಂಗಡಿಯವರ ಬಾಯಿಂದಲೇ ಹೇಳಿಸಿ.

ಮುಚ್ಚಿಗೆ ಇದೆಯೋ ಇಲ್ಲವೋ, ಆ ಕೋಣೆಯ ಫೋಟೋ ಇಲ್ಲೇ ಹಾಕಿ. ಸ್ಪೀಕರ್ ಎಲ್ಲಿಡಬೇಕು ಅಂತ ಗುರುತು ಹಾಕಿ ಕಳಿಸುತ್ತೇನೆ.