ತೋಟದ ಕೆಲಸ ಮಾಡಿಯೂ ಸೊಂಟ ಹಿಡಿಯುವುದು ಯಾಕೆ? ಸಾಗರದ ಅಣ್ಣನಿಗೆ ಉತ್ತರ

ಅಣ್ಣ, ನಿಮ್ಮ ಪ್ರಶ್ನೆ ಓದಿದೆ. ವಯಸ್ಸು 48, ನಾಲ್ಕು ಎಕರೆ ಅಡಿಕೆ ತೋಟ, ಬೆಳಗ್ಗೆಯಿಂದ ಓಡಾಟ. ಆದರೂ ಗೊಬ್ಬರದ ಚೀಲ ಎತ್ತಿದರೆ ಸೊಂಟ ಹಿಡಿಯುತ್ತದೆ, ಸಂಕ (ಕಾಲುವೆ ದಾಟುವ ಕಿರು ಸೇತುವೆ) ದಾಟುವಾಗ ಕಾಲು ನಡುಗುತ್ತದೆ, ಹತ್ತಿರದಲ್ಲಿ ಜಿಮ್ ಇಲ್ಲ. "ಇಷ್ಟು ದುಡಿಯುವವರಿಗೆ ಬೇರೆ ವ್ಯಾಯಾಮ ಬೇಕಾ?" ಅಂತ ಒಬ್ಬರು ನಕ್ಕಿದ್ದಾರೆ. ನಾನೂ ಹಾಗೇ ನಗುತ್ತಿದ್ದೆ ಮಾರಾಯ್ರೆ. ಮೂರು ವರ್ಷದ ಹಿಂದೆ ಪಾಚಿ ಹಿಡಿದ ಸಂಕದಿಂದ ಜಾರಿ ಬಸಿಗಾಲುವೆಗೆ ಬಿದ್ದೆ. ಎಡಗೈಗೆ ಆರು ವಾರ ಪ್ಲಾಸ್ಟರ್. ಅಲ್ಲಿಗೆ ನಗು ನಿಂತಿತು.

ನಮ್ಮ ಕೆಲಸದಲ್ಲಿ ಬಾಗುವುದು ಜಾಸ್ತಿ. ಅಡಿಕೆ ಹೆಕ್ಕುವಾಗ ಮುಂದಕ್ಕೆ, ಸುಲಿಯಲು ಕೂತರೆ ಮುಂದಕ್ಕೆ, ರಾತ್ರಿ ಮೊಬೈಲ್ ನೋಡುವಾಗಲೂ ಮುಂದಕ್ಕೆ. ಹಿಂದಕ್ಕೆ ಸೆಟೆಯುವ ಕೆಲಸ ಒಂದೂ ಇಲ್ಲ. ಹಾಗಾಗಿ ನಡು ದಣಿಯುತ್ತಲೇ ಇರುತ್ತದೆ, ಭಾರ ಹೊರಬೇಕಾದ ತೊಡೆ, ಕುಂಡೆ, ಬೆನ್ನಿನ ಮೇಲ್ಭಾಗ ಸುಮ್ನೆ ಇರುತ್ತವೆ.

ಮೊದಲು ಬಾಗುವುದನ್ನೇ ಸರಿ ಮಾಡಿಕೊಳ್ಳಿ. ಒಂದು ನೇರ ಕೋಲು ತಗೊಂಡು ಬೆನ್ನಿನ ಹಿಂದೆ ಉದ್ದಕ್ಕೆ ಹಿಡಿಯಿರಿ. ಒಂದು ಕೈ ಕುತ್ತಿಗೆ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಕೋಲು ಮೂರು ಕಡೆ ತಾಗಬೇಕು: ತಲೆಯ ಹಿಂಭಾಗ, ಎರಡು ರೆಕ್ಕೆಮೂಳೆಗಳ ನಡುವೆ, ಕೆಳಗೆ ಬಾಲದ ಮೂಳೆ. ಈಗ ಮಂಡಿ ಸ್ವಲ್ಪ ಸಡಿಲ ಬಿಡಿ. ಕೈ ತುಂಬ ಹುಲ್ಲು ಇದ್ದಾಗ ಕೊಟ್ಟಿಗೆ ಬಾಗಿಲನ್ನು ಕುಂಡೆಯಿಂದ ತಳ್ಳುತ್ತೇವಲ್ಲ, ಹಾಗೆ ಹಿಂದಕ್ಕೆ ಸರಿಯುತ್ತಾ ಬಾಗಿ. ಮೂರರಲ್ಲಿ ಒಂದು ಕಡೆ ಕೋಲು ಬಿಟ್ಟಿತೋ, ಅಲ್ಲಿಗೇ ನಿಲ್ಲಿಸಿ. ನನ್ನದು ಮೊದಲ ದಿನ ಅರ್ಧ ಬಾಗುವುದರೊಳಗೆ ತಲೆ ಹತ್ತಿರ ಬಿಟ್ಟಿತ್ತು. ದಿನಕ್ಕೆ ಹತ್ತು ಸಲ ಮಾಡಿದರೆ ಎರಡು ವಾರದಲ್ಲಿ ಮೈಗೆ ಬರುತ್ತದೆ.

ಯೂರಿಯಾ ಚೀಲ 45 ಕೆಜಿ, ಡಿಎಪಿ ಗೊಬ್ಬರದ್ದು 50. ಎತ್ತುವಾಗ ಚೀಲ ಕಾಲಿಗೆ ತಾಗುವಷ್ಟು ಹತ್ತಿರ ಇರಲಿ. ಎತ್ತಿದ ಮೇಲೆ ಸೊಂಟ ತಿರುಚಬೇಡಿ, ಪಾದ ಸರಿಸಿ ತಿರುಗಿ. ಔಷಧಿ ಹೊಡೆಯುವ 16 ಲೀಟರ್ ಪಂಪಿನಲ್ಲಿ ನೀರೇ 16 ಕೆಜಿ. ಅದನ್ನು ನೆಲದಿಂದ ಎತ್ತದೆ ಕಟ್ಟೆ ಮೇಲಿಟ್ಟು ಬೆನ್ನಿಗೆ ಏರಿಸಿಕೊಳ್ಳಿ, ಎರಡೂ ಪಟ್ಟಿ ಬಿಗಿ ಮಾಡಿ.

ಇನ್ನು ಸರ್ಕಿಟ್. 1953ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಗನ್ ಮತ್ತು ಆಡಮ್ಸನ್ ಅನ್ನುವವರು ರೂಪಿಸಿದ ಪದ್ಧತಿ ಇದು. ಒಂದಾದ ಮೇಲೊಂದು ಬೇರೆ ಬೇರೆ ವ್ಯಾಯಾಮ ಮಾಡುತ್ತಾ ಸುತ್ತು ಹೊಡೆಯುವುದು. ಕಾಲು ದಣಿದಾಗ ಕೈಗೆ ಕೆಲಸ, ಕೈ ದಣಿದಾಗ ಹೊಟ್ಟೆಗೆ. ತಾಕತ್ತೂ ಬರುತ್ತದೆ, ದಮ್ಮೂ ಬರುತ್ತದೆ. ನಾನು ಅಂಗಳದಲ್ಲಿ ಆರು ಮಾಡುತ್ತೇನೆ. ಸ್ಟೂಲಿಗೆ ಕುಂಡೆ ತಾಗಿಸಿ ಏಳುವ ಬಸ್ಕಿ. ಕಟ್ಟೆಗೆ ಕೈ ಊರಿ ದಂಡ. ಜಗಲಿ ಮೆಟ್ಟಿಲು ಹತ್ತಿ ಇಳಿಯುವುದು. ಒಂದು ಕೈ ಕಟ್ಟೆಗೆ ಕೊಟ್ಟು ಬಾಗಿ, ಇನ್ನೊಂದು ಕೈಯಲ್ಲಿ ಐದು ಲೀಟರ್ ನೀರಿನ ಕ್ಯಾನನ್ನು ಪಕ್ಕೆವರೆಗೆ ಎಳೆಯುವುದು. ಮೊಣಕೈ ಮೇಲೆ ಪ್ಲ್ಯಾಂಕ್, ಅಂದರೆ ಮೊಣಕೈ ಮತ್ತು ಕಾಲ್ಬೆರಳು ಊರಿ ಮೈಯನ್ನು ಹಲಗೆ ಹಾಗೆ ನೇರ ಹಿಡಿಯುವುದು. ಕೊನೆಗೆ ಎರಡು ಕೈಯಲ್ಲಿ ಎರಡು ಬಕೆಟ್ ನೀರು ಹಿಡಿದು ನೆಟ್ಟಗೆ ನಡೆಯುವುದು. ಈ ಕೊನೆಯದಕ್ಕೆ ಜಿಮ್‌ನಲ್ಲಿ ಫಾರ್ಮರ್ಸ್ ವಾಕ್ ಅನ್ನುತ್ತಾರಂತೆ. ನಮ್ಮ ದಿನನಿತ್ಯದ ಗೋಳಿಗೆ ಅವರು ಫೀಸು ಕಟ್ಟುತ್ತಾರೆ!

ಒಂದೊಂದನ್ನು 40 ಸೆಕೆಂಡ್ ಮಾಡಿ, 20 ಸೆಕೆಂಡ್ ಬಿಡುವು. ಒಂದು ಸುತ್ತಿಗೆ ಆರು ನಿಮಿಷ. ಎರಡು ನಿಮಿಷ ಸುಧಾರಿಸಿಕೊಂಡು ಮತ್ತೊಂದು ಸುತ್ತು. ಮೊದಲ ಎರಡು ವಾರ ಎರಡೇ ಸುತ್ತು ಸಾಕು, ಆಮೇಲೆ ಮೂರು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮಾಡುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಅಳತೆ. ಉಸಿರು ಮಾತ್ರ ಕಟ್ಟಬೇಡಿ, ಬಿಪಿ ಇರುವವರಂತೂ ಖಂಡಿತ ಬೇಡ. ಔಷಧಿ ಹೊಡೆಯುವ ದಿನ, ಕೊಯ್ಲಿನ ದಿನ ರಜೆ.

ಸಂಕದ ವಿಷಯಕ್ಕೆ ಬರೋಣ. ಮೈಯ ಸಮತೋಲಕ್ಕೆ ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳ ಅರಿವು ಮೂರೂ ಬೇಕು. ಮಳೆಗಾಲದ ಸಂಜೆ ತೋಟದಲ್ಲಿ ಕತ್ತಲೆ, ಕಣ್ಣಿನ ಸಹಾಯ ಇಲ್ಲ. ಕಾಲಲ್ಲಿ ಗಮ್‌ಬೂಟು, ಪಾದದ ಅರಿವೂ ಅರ್ಧ. ನಾನು ಬಿದ್ದದ್ದೂ ಅಂಥದ್ದೇ ಹೊತ್ತಲ್ಲಿ. ಹಗಲಲ್ಲಿ ಅದೇ ಸಂಕದ ಮೇಲೆ ಹೊರೆ ಹೊತ್ತು ದಾಟುತ್ತಿದ್ದೆ ಅಲ್ವಾ!

ಗೋಡೆ ಪಕ್ಕ ನಿಂತು ಹೀಗೆ ಶುರು ಮಾಡಿ. ಎರಡೂ ಪಾದ ಜೋಡಿಸಿ 10 ಸೆಕೆಂಡ್. ಒಂದು ಪಾದವನ್ನು ಅರ್ಧ ಮುಂದಿಟ್ಟು 10. ಒಂದರ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ 10. ಕೊನೆಗೆ ಒಂಟಿ ಕಾಲಲ್ಲಿ 10. ಮೂರನೆಯದೇ ನಿಲ್ಲದಿದ್ದರೆ ಬೀಳುವ ಅಪಾಯ ಜಾಸ್ತಿ ಅಂತ ತಿಳಿಯಿರಿ. ಆಗ ಸಂಕಕ್ಕೆ ಕೈಹಿಡಿ ಕಟ್ಟಿಸುವುದು ಮೊದಲ ಕೆಲಸ. ಇದು ಸುಲಭ ಆದ ಮೇಲೆ ಅಂಗಳದಲ್ಲಿ ಒಂದು ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ನೆಲಕ್ಕೆ ಹಾಕಿ, ಒಣ ಇರುವಾಗ ಬರಿಗಾಲಲ್ಲಿ ಅದರ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯಿರಿ. ನಾನು ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುತ್ತೇನೆ, ಮನೆಯವಳಿಗೆ ನನ್ನನ್ನು ಕೊಕ್ಕರೆ ಅಂತ ಕರೆಯಲು ಅದೇ ನೆಪ. 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಇಂಥದ್ದು ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಹಾಗಾಗಿ ಅಪ್ಪಯ್ಯನನ್ನೂ ಕಟ್ಟೆ ಹಿಡಿಸಿ ನಿಲ್ಲಿಸುತ್ತೇನೆ.

ಒಂದು ಮಾತು. ಸೊಂಟದ ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ, ಎದೆ ಬಿಗಿಯುತ್ತಿದ್ದರೆ ಇದ್ಯಾವುದನ್ನೂ ಶುರು ಮಾಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಅದೇನೂ ಇಲ್ಲದಿದ್ದರೆ ನಾಳೆ ಕೋಲು ಹಿಡಿದು ನೋಡಿ, ಎಲ್ಲಿ ಬಿಟ್ಟಿತು ಅಂತ ಇಲ್ಲೇ ಬರೆಯಿರಿ.