ಬೂಸ್ಟು ಹಿಡಿದ ಹಿಂಡಿ, ಕುದಿಸಿದ ಹಾಲು

ಪತ್ರ: ನಮ್ಮದು ಹೆಬ್ರಿ ಕಡೆ. ಹಟ್ಟಿಯಲ್ಲಿ ಎರಡು ಜೆರ್ಸಿ ದನ ಇವೆ. ಈ ಮಳೆಗಾಲ ಹಿಂಡಿ ಚೀಲದ ಒಂದು ಮಗ್ಗುಲಿಗೆ ಹಸಿರು ಬೂಸ್ಟು ಬಂತು. ಅದನ್ನು ಕೆರೆದು ಬಿಸಾಡಿ, ಉಳಿದದ್ದನ್ನು ಬಿಸಿಲಿಗೆ ಹಾಕಿ ಕೊಟ್ಟೆ. ‘ಅದರ ವಿಷ ಹಾಲಿಗೂ ಬರ್ತದೆ, ಹಿಂಡಿಯಲ್ಲಿ ಸೀಸ, ಕ್ಯಾಡ್ಮಿಯಂ ಕೂಡ ಇರ್ತದೆ’ ಅಂತ ಮಗ ಮೊಬೈಲಿನಲ್ಲಿ ಓದಿ ಹೇಳಿದ. ಹಾಲು ಚೆನ್ನಾಗಿ ಕುದಿಸಿದರೆ ಸಾಕಲ್ವಾ? ಮಿನರಲ್ ಮಿಕ್ಸ್ಚರ್ ನಿಲ್ಲಿಸಬೇಕಾ? ಎಲ್ಲದಕ್ಕೂ ದನ ಸಾಕುವವರನ್ನೇ ದೂರುತ್ತೀರಿ. ಚೀಲ ತುಂಬಿಸಿದವರನ್ನು ಯಾಕೆ ಕೇಳುವುದಿಲ್ಲ?
– ದನ ಸಾಕುವ ಓದುಗಿ

ಉತ್ತರ: ನಮಸ್ಕಾರ. ಮೊದಲು ಕುದಿಸುವ ವಿಷಯ. ಸಾಕಾಗುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಆದರೆ ಬೂಸ್ಟು ಬಿಟ್ಟುಹೋಗುವ ವಿಷಕ್ಕೆ ಜೀವವೇ ಇಲ್ಲ, ಸಾಯುವುದೆಲ್ಲಿಂದ? ಅಫ್ಲಾಟಾಕ್ಸಿನ್ ಬಿ1 ಅಂತ ಅದರ ಹೆಸರು. ದನದ ಲಿವರಿನಲ್ಲಿ ಅದು ಎಂ1 ಆಗಿ ಬದಲಾಗಿ ಹಾಲಿಗೆ ಇಳಿಯುತ್ತದೆ. ಬೆಳಿಗ್ಗೆ ತಿಂದದ್ದು ಸಂಜೆ ಕರೆಯುವ ಹೊತ್ತಿಗೇ ಹಾಲಿನಲ್ಲಿ ಸಿಗಬಹುದು. ಡೈರಿಯ ಪಾಶ್ಚರೀಕರಣಕ್ಕೂ ಜಗ್ಗುವುದಿಲ್ಲ. ಮೊಸರಿನಲ್ಲೂ ಉಳಿಯುತ್ತದೆ. ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಪನೀರಿನಲ್ಲಿ ಇನ್ನೂ ಜಾಸ್ತಿ. ತುಪ್ಪಕ್ಕೆ ಮಾತ್ರ ತೀರಾ ಕಡಿಮೆ ಹೋಗುತ್ತದೆ.

ಸಮಾಧಾನದ ಸಂಗತಿಯೂ ಇದೆ. ಕೆಟ್ಟ ಹಿಂಡಿ ನಿಲ್ಲಿಸಿದರೆ ಮೂರು ನಾಲ್ಕು ದಿನದಲ್ಲಿ ಹಾಲಿನಿಂದ ಎಂ1 ಹೆಚ್ಚುಕಡಿಮೆ ಹೋಗಿಬಿಡುತ್ತದೆ.

ಎಷ್ಟು ಬಂದರೆ ಜಾಸ್ತಿ ಅಂತೀರಾ? ಒಂದು ಲೆಕ್ಕ ಹಾಕೋಣ. ಹಸುವಿನ ಹಿಂಡಿಗೆ ಇರುವ ಐಎಸ್ 2052 ಎಂಬ ಭಾರತೀಯ ಮಾನದಂಡದ ಪ್ರಕಾರ ಕಿಲೋಗೆ 20 ಮೈಕ್ರೋಗ್ರಾಂ ಬಿ1 ಮೇಲ್ಮಿತಿ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನಿಮ್ಮ ದನ ದಿನಕ್ಕೆ 4 ಕಿಲೋ ತಿಂದು 8 ಲೀಟರ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ಹೊಟ್ಟೆಗೆ ಹೋದದ್ದು 80 ಮೈಕ್ರೋಗ್ರಾಂ. ಅದರಲ್ಲಿ ನೂರಕ್ಕೆ ಒಂದೆರಡು ಪಾಲು ಹಾಲಿಗೆ ಬರುತ್ತದೆ, ತುಂಬಾ ಹಾಲು ಕೊಡುವ ದನದಲ್ಲಿ ಆರರವರೆಗೂ ಹೋಗುತ್ತದೆ. ಎರಡು ಅಂತ ಹಿಡಿದರೆ ಲೀಟರಿಗೆ 0.2 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 0.5, ಹಾಗಾಗಿ ಪಾಸು. ಯುರೋಪಿನಲ್ಲಿ ಮಿತಿ 0.05. ಅಲ್ಲಿ ಇದೇ ಹಾಲು ಫೇಲು! ಇನ್ನು ಹಿಂಡಿಯಲ್ಲಿ 20ರ ಬದಲು 60 ಇದ್ದರೆ ಹಾಲಿನಲ್ಲಿ 0.6. ಇಲ್ಲಿಯೂ ಫೇಲು. ಬೂಸ್ಟು ಹಿಡಿದ ಹಿಂಡಿಗೆ 60 ದಾಟುವುದು ದೊಡ್ಡ ವಿಷಯವೇ ಅಲ್ಲ.

2018ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 6,432 ಹಾಲಿನ ಮಾದರಿ ಪರೀಕ್ಷೆ ಮಾಡಿಸಿತ್ತು. ಜನ ಯಾವಾಗಲೂ ಹೆದರುವುದು ಯೂರಿಯಾ, ಡಿಟರ್ಜೆಂಟಿಗೆ ಅಲ್ವಾ? ಹಾಗೆ ಕಲಬೆರಕೆಯಾಗಿ ಅಪಾಯಕಾರಿಯಾದದ್ದು ಸಿಕ್ಕಿದ್ದು ಬರೀ 12. ಎಂ1 ಮಿತಿ ಮೀರಿದ್ದು 368. ಹಾಲಿಗೆ ಏನು ಬೆರೆಸುತ್ತಾರೆ ಎನ್ನುವುದಕ್ಕಿಂತ ದನ ಏನು ತಿನ್ನುತ್ತದೆ ಎನ್ನುವುದೇ ದೊಡ್ಡ ಪ್ರಶ್ನೆ ಅಂತ ನನಗೆ ಅನಿಸುವುದು ಇದಕ್ಕೇ.

ಕೆರೆದು ತೆಗೆದದ್ದರಿಂದ ಪ್ರಯೋಜನ ಕಡಿಮೆ. ಕಣ್ಣಿಗೆ ಕಾಣುವ ಹಸಿರು ಹೋದರೂ ವಿಷ ಸುತ್ತಲಿನ ಹಿಂಡಿಗೆ ಇಳಿದಿರುತ್ತದೆ. ಬಿಸಿಲು ತೇವ ಒಣಗಿಸುತ್ತದೆ, ಆಗಿರುವ ವಿಷವನ್ನು ಪೂರ್ತಿ ತೆಗೆಯುವುದಿಲ್ಲ. ಕೋಳಿಗೆ ಹಾಕುವ ಅಂತ ಯೋಚಿಸಬೇಡಿ. ಈ ವಿಷ ಪತ್ತೆಯಾದದ್ದೇ ಹಕ್ಕಿಗಳಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತಾಗ ಹುಡುಕಿದರು. ಬ್ರೆಜಿಲಿನಿಂದ ತರಿಸಿದ ನೆಲಗಡಲೆ ಹಿಂಡಿಯಲ್ಲಿ ಸಿಕ್ಕಿತು.

ನಮ್ಮ ಕರಾವಳಿ ಈ ಬೂಸ್ಟಿಗೆ ಮಾವನ ಮನೆ ಇದ್ದಂತೆ. ಅದಕ್ಕೆ ಇಷ್ಟವಾದ ಸೆಖೆ 25ರಿಂದ 35 ಡಿಗ್ರಿ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ. ಚೀಲವನ್ನು ಸಿಮೆಂಟು ನೆಲದಲ್ಲಿಟ್ಟು ಗೋಡೆಗೆ ಒರಗಿಸಿದರೆ ಮೊದಲು ಹಾಳಾಗುವುದು ಆ ಮಗ್ಗುಲೇ. ನಿಮ್ಮ ಚೀಲದಲ್ಲೂ ಒಂದು ಮಗ್ಗುಲು ಅಂತ ಬರೆದಿದ್ದೀರಿ. ಅಡಿಗೆ ಹಲಗೆ ಹಾಕಿ, ಗೋಡೆಯಿಂದ ಒಂದಡಿ ದೂರ ಇಡಿ. ಮಳೆಗಾಲದಲ್ಲಿ ಎರಡು ಮೂರು ವಾರಕ್ಕೆ ಬೇಕಾದಷ್ಟೇ ತನ್ನಿ. ಒದ್ದೆ ಕೈ ಹಾಕಬೇಡಿ. ಬಾಲ್ದಿಯಲ್ಲಿ ಕಲಸಿ ಉಳಿದದ್ದನ್ನು ನಾಳೆಗೆ ಇಡಬೇಡಿ. ತೆಂಗಿನ ಹಿಂಡಿ ಕೊಡುವವರು ಇನ್ನೂ ಜಾಗ್ರತೆ ಮಾಡಬೇಕು. ಸರಿಯಾಗಿ ಒಣಗದ ಕೊಬ್ಬರಿಯಿಂದ ಎಣ್ಣೆ ತೆಗೆದರೆ ವಿಷ ಮಿಲ್ಲಿನಿಂದಲೇ ಬಂದಿರುತ್ತದೆ.

ಇನ್ನು ಲೋಹ. ಇದು ಬೇರೆಯೇ ಕಥೆ. ಬೂಸ್ಟಿನ ಹಾಗೆ ಕಾಣುವುದಿಲ್ಲ, ವಾಸನೆ ಇಲ್ಲ, ಮೂರು ದಿನದಲ್ಲಿ ಹೋಗುವುದೂ ಇಲ್ಲ. ಸೀಸ ದನದ ಎಲುಬಿನಲ್ಲಿ ಕೂತು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಹಾಲಿಗೆ ಬಿಡುತ್ತದೆ. ಕ್ಯಾಡ್ಮಿಯಂ ಜಾಸ್ತಿ ಕೂರುವುದು ಮೂತ್ರಪಿಂಡದಲ್ಲಿ, ಹಾಲಿಗೆ ಬರುವುದು ಕಡಿಮೆ. ಹಿಂಡಿಗೆ ಇವು ಬರುವ ಒಂದು ದಾರಿ ಶಿಲಾರಂಜಕದಿಂದ (ರಾಕ್ ಫಾಸ್ಫೇಟ್) ಮಾಡಿದ ಖನಿಜ ಪುಡಿ. ತಮಾಷೆ ಏನೆಂದರೆ, ಬೂಸ್ಟಿನ ವಿಷ ಹೀರಲಿ ಅಂತ ಹಿಂಡಿಗೆ ಸೇರಿಸುವ ಜೇಡಿಯಲ್ಲೂ, ಅದು ಒಳ್ಳೆ ದರ್ಜೆಯದಲ್ಲದಿದ್ದರೆ, ಸೀಸ ಇರಬಹುದು.

ಹಾಗಂತ ಮಿನರಲ್ ಮಿಕ್ಸ್ಚರ್ ನಿಲ್ಲಿಸಬೇಡಿ. ಮಳೆ ತೊಳೆದ ನಮ್ಮ ಮುರಕಲ್ಲು ನೆಲದ ಹುಲ್ಲಿನಲ್ಲಿ ಸುಣ್ಣದಂಶ ಕಡಿಮೆ, ಹಾಲು ಕೊಡುವ ದನಕ್ಕೆ ಅದು ಬೇಕೇ ಬೇಕು. ಐಎಸ್‌ಐ ಗುರುತು ಇರುವುದನ್ನು ತನ್ನಿ, ಸಂತೆಯ ಬಿಡಿ ಪುಡಿ ಬೇಡ. ಹಟ್ಟಿಯ ಹತ್ತಿರ ಹಳೇ ಬ್ಯಾಟರಿ, ಪೈಂಟ್ ಡಬ್ಬ ಇದ್ದರೆ ಇವತ್ತೇ ತೆಗೆಸಿ. ದನ ಅದನ್ನು ನೆಕ್ಕುತ್ತದೆ, ಸಾಯುತ್ತದೆ ಕೂಡ. ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಬಿಟ್ಟ ಮೇಲೆ ಅಡಿಯ ಹುಲ್ಲನ್ನು ತಕ್ಷಣ ಕೊಯ್ಯಬೇಡಿ. ಆ ಮದ್ದಿನಲ್ಲಿರುವ ಮೈಲುತುತ್ತಿನ ತಾಮ್ರ ದನದ ಲಿವರಿನಲ್ಲಿ ಸೇರುತ್ತಾ ಹೋಗುತ್ತದೆ.

ಕಡೆಯದಾಗಿ ನಿಮ್ಮ ಸಿಟ್ಟು. ಅದರಲ್ಲಿ ನ್ಯಾಯ ಇದೆ. ಹತ್ತಾರು ಮನೆಯ ಹಾಲು ಒಂದೇ ಕ್ಯಾನಿಗೆ, ಕ್ಯಾನು ಟ್ಯಾಂಕರಿಗೆ, ಟ್ಯಾಂಕರು ದೊಡ್ಡ ಡೈರಿಗೆ. ಅಷ್ಟು ದೂರ ಹೋದ ಮೇಲೆ ಪರೀಕ್ಷೆ ಮಾಡಿದರೆ ಯಾವ ಚೀಲದ ತಪ್ಪು ಅಂತ ಯಾರಿಗೆ ಗೊತ್ತಾಗುತ್ತದೆ? ಪರೀಕ್ಷೆ ಚೀಲಕ್ಕೆ ಬಾಯಿ ಹೊಲಿಯುವ ಮೊದಲೇ ಆಗಬೇಕು. ಮನೆಯಲ್ಲಿ ತೇವ ತಾಗದಂತೆ ಇಡುವುದು ನಿಮ್ಮ ಕೆಲಸ. ಹಿಂಡಿಗೆ ಹಾಕಿದ ಜೋಳ ಒಣಗಿತ್ತಾ, ಖನಿಜದ ಪುಡಿಯಲ್ಲಿ ಸೀಸ ಇತ್ತಾ ಅಂತ ನೋಡುವುದು ಖಂಡಿತ ನಿಮ್ಮ ಕೆಲಸವಲ್ಲ.

ಈಗ ಆ ಚೀಲವನ್ನು ಗೊಬ್ಬರದ ಗುಂಡಿಗೆ ಹಾಕಿ, ಕೋಳಿ ಕೆದಕದಂತೆ ಮೇಲೆ ಮಣ್ಣು ಮುಚ್ಚಿ. ಚೀಲದ ಬಾಯಿಗೆ ಹೊಲಿದ ಚೀಟಿಯಲ್ಲಿ ಬ್ಯಾಚ್ ನಂಬರು, ತಯಾರಾದ ತಾರೀಕು ಇರುತ್ತದೆ, ಅದನ್ನು ತೆಗೆದಿಡಿ. ಮುಂದಿನ ಸಲ ಚೀಲ ಬಿಚ್ಚುವಾಗಲೇ ಬೂಸ್ಟು ಕಂಡರೆ ಚೀಟಿ ಸಮೇತ ಡೈರಿಗೆ ವಾಪಸ್ ಕೊಡಿ, ರಸೀದಿ ಕೇಳಿ. ಸಂಘದ ಮಹಾಸಭೆಯಲ್ಲಿ ಎದ್ದು ನಿಂತು, ‘ಈ ಹಿಂಡಿಯ ಅಫ್ಲಾಟಾಕ್ಸಿನ್ ರಿಪೋರ್ಟ್ ಎಲ್ಲಿದೆ?’ ಅಂತ ಕೇಳಿ. ಉತ್ತರ ಸಿಕ್ಕಿದರೆ ನಮಗೆ ಬರೆಯಿರಿ. ಸಿಗದಿದ್ದರೂ ಬರೆಯಿರಿ, ಅಚ್ಚು ಹಾಕುತ್ತೇವೆ.
– ಸಂ.