ಜಿಎಸ್‌ಟಿ ಸೇರಿದ ಬಿಲ್‌ನಿಂದ ಮೂಲ ಬೆಲೆ ತಿಳಿಯುವುದು ಹೇಗೆ? 1,180 ರೂಪಾಯಿಯಲ್ಲಿ ಶೇ 18 ಕಳೆದರೆ 1,000 ಏಕೆ ಬರುವುದಿಲ್ಲ?

ಕಳೆಯಬೇಡಿ, ಭಾಗಿಸಿ. ಶೇ 18 ತೆರಿಗೆ ಸೇರಿದ ಮೊತ್ತವನ್ನು 1.18ರಿಂದ ಭಾಗಿಸಿದರೆ ಮೂಲ ಬೆಲೆ ಸಿಗುತ್ತದೆ: 1,180 ÷ 1.18 = 1,000.

ನೀವು ಕಳೆದಾಗ ಬಂದದ್ದು 967 ರೂಪಾಯಿ 60 ಪೈಸೆ ಇರಬೇಕು. ತಪ್ಪಿದ್ದು ಲೆಕ್ಕವಲ್ಲ, ಆಧಾರ. ಶೇಕಡಾ ಎಂದ ಕೂಡಲೇ ‘ಯಾವುದರ ಶೇಕಡಾ?’ ಎಂದು ಕೇಳಬೇಕು. ಅಂಗಡಿಯವರು ಶೇ 18 ಹಾಕಿದ್ದು 1,000ದ ಮೇಲೆ, ಅಂದರೆ 180 ರೂಪಾಯಿ. ನೀವು ಶೇ 18 ತೆಗೆದದ್ದು 1,180ರಿಂದ, ಅಂದರೆ 212 ರೂಪಾಯಿ 40 ಪೈಸೆ. ತೆರಿಗೆಯ ಮೇಲೂ ತೆರಿಗೆ ಲೆಕ್ಕ ಹಾಕಿದಂತಾಯಿತು!

ಮೂಲ ಬೆಲೆಯನ್ನು 100 ಪಾಲು ಎಂದುಕೊಂಡರೆ ಬಿಲ್ 118 ಪಾಲು, ಅದರಲ್ಲಿ ತೆರಿಗೆ 18 ಪಾಲು. ಸಾಮಾನ್ಯ ಹೋಟೆಲುಗಳ ಶೇ 5ರ ಜಿಎಸ್‌ಟಿಗೆ ಇದು ಇನ್ನೂ ಸಲೀಸು. 105ರಲ್ಲಿ 5 ಎಂದರೆ 21ರಲ್ಲಿ ಒಂದು ಪಾಲು. 840 ರೂಪಾಯಿಯ ಬಿಲ್ ಬಂದರೆ 21ರಿಂದ ಭಾಗಿಸಿ: ತೆರಿಗೆ 40, ಊಟಕ್ಕೆ 800. ಬಿಲ್‌ನ ಕೆಳಗೆ ಸಿಜಿಎಸ್‌ಟಿ 20, ಎಸ್‌ಜಿಎಸ್‌ಟಿ 20 ಎಂದು ಎರಡು ಸಾಲಿನಲ್ಲಿ ಇರುವುದು ಇದೇ 40. ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ.

ರಿಯಾಯಿತಿಗೂ ಇದೇ ದಾರಿ. ಶೇ 20 ಕಡಿತದ ನಂತರ ಸೀರೆಗೆ 1,600 ರೂಪಾಯಿ ಕೊಟ್ಟಿದ್ದರೆ 0.80ರಿಂದ ಭಾಗಿಸಿ, ಮೊದಲಿನ ಬೆಲೆ 2,000. ಅದು ನಿಜವಾದ ಬೆಲೆಯೇ ಅಥವಾ ಹಬ್ಬಕ್ಕೆಂದು ಏರಿಸಿದ್ದೇ ಎಂಬುದನ್ನು ಮಾತ್ರ ಗಣಿತ ಹೇಳುವುದಿಲ್ಲ.